ಚಿಟ್ಟಿಯ ಹಣದಲ್ಲಿ ಒಂಬತ್ತು ಸೆಂಟ್ಸ್

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಹತ್ತು ವರ್ಷ ಊರವರ ಆಧಾರಗಳ (ಜಾಗದ ನೋಂದಣಿ ಪತ್ರಗಳ) ನಕಲು ತೆಗೆಯುತ್ತಾ ಅವನ್ನು ಓದುವ ಚಟ ಹತ್ತಿತ್ತು. ಸ್ವಂತದ್ದೆಂದು ಒಂದು ಸೆಂಟ್ಸ್ (ಎಕರೆಯ ನೂರನೆಯ ಒಂದು ಪಾಲು) ಜಾಗವೂ ಇರಲಿಲ್ಲ.

ಕೈಯಲ್ಲಿದ್ದದ್ದು 90 ಸಾವಿರ. ಜೊತೆಗೆ ಕೇರಳ ಸರಕಾರದ ಚೀಟಿ ಸಂಸ್ಥೆ ಕೆ.ಎಸ್.ಎಫ್.ಇ.ಯಲ್ಲಿ ತಿಂಗಳಿಗೆ 10 ಸಾವಿರದ, 40 ತಿಂಗಳ ಚಿಟ್ಟಿ (ಚೀಟಿ). ಹದಿನಾಲ್ಕನೆಯ ತಿಂಗಳು ಹರಾಜಿನಲ್ಲಿ ಒಟ್ಟು 4 ಲಕ್ಷದಲ್ಲಿ 80 ಸಾವಿರ ಬಿಟ್ಟುಕೊಟ್ಟು ಹಿಡಿದೆ. 3 ಲಕ್ಷ 20 ಸಾವಿರ ಬಂತು. ಜಾಮೀನಿಗೆ ಅಕ್ಕನ ಸಂಬಳದ ಸರ್ಟಿಫಿಕೇಟ್. "ಕಂತು ತಪ್ಪಿದರೆ ನಿನ್ನ ಅಂಗಡಿಗೆ ನಾನೇ ಬೀಗ ಹಾಕುತ್ತೇನೆ" ಎಂದು ಹೇಳಿಯೇ ಅವಳು ಸಹಿ ಹಾಕಿದ್ದು.

ದಲ್ಲಾಳಿ ತೋರಿಸಿದ್ದು ರಸ್ತೆ ಬದಿಯ ಮುರಕಲ್ಲಿನ ಜಾಗ: 15 ಸೆಂಟ್ಸ್, ಸೆಂಟ್ಸಿಗೆ 40 ಸಾವಿರ. ನಾನು ಮೂಲ ಆಧಾರ ಕೇಳಿದೆ. "ಹಳೆಯ ಕಾಗದ ಮಾರಾಯರೇ, ಅದೆಲ್ಲ ಯಾಕೆ?" ಎಂದರು. 1956ಕ್ಕೆ ಮೊದಲಿನ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಕನ್ನಡ ಬರಹ. ಅವರಿಗೆ ಓದಲು ಬರುತ್ತಿದ್ದದ್ದು ಮಲಯಾಳ ಮಾತ್ರ. ಹೊಸ ಆಧಾರದಲ್ಲಿ ಪೂರ್ವದ ಗಡಿ 'ಗುಡ್ಡೆ' ಎಂದಿದ್ದರೆ, ಹಳೆಯದರಲ್ಲಿ 'ಕುಮ್ಕಿ' ಎಂದಿತ್ತು. ಕುಮ್ಕಿ ಎಂದರೆ ಪಕ್ಕದ ವರ್ಗ (ಪಟ್ಟಾ) ಜಾಗದ ಒಡೆಯರಾದ ವರ್ಗದಾರರು ಸೊಪ್ಪು, ಸೌದೆ ತರಬಹುದಾದ ಸರಕಾರಿ ಜಾಗ. ಮಾರುವ ಹಕ್ಕು ಅವರಿಗಿಲ್ಲ. ಸರ್ವೇಯರ್ ಅಳೆದಾಗ ವರ್ಗ ಜಾಗ 9 ಸೆಂಟ್ಸ್, ಉಳಿದ 6 ಕುಮ್ಕಿ. ಓದದೆ ಕೊಂಡಿದ್ದರೆ 2 ಲಕ್ಷ 40 ಸಾವಿರ ಗಾಳಿಗೆ.

ಒಂಬತ್ತಕ್ಕೆ 3 ಲಕ್ಷ 60 ಸಾವಿರ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಟ್ಟೆ. 20 ಸಾವಿರ ಮತ್ತು ಮೇಲ್ಪಟ್ಟು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ 8, ನೋಂದಣಿ ಶುಲ್ಕ ಶೇ 2, ಅಂದರೆ ಇನ್ನೂ 36 ಸಾವಿರ. ಬೆಲೆಯಷ್ಟೇ ಲೆಕ್ಕ ಹಾಕಿ ಬರುವವರು ನನ್ನ ಅಂಗಡಿಯಲ್ಲಿ ನಿಂತೇ ಸಾಲಕ್ಕೆ ಫೋನ್ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ. ಉಳಿದ 14 ಸಾವಿರ ಆಧಾರ ಬರೆಯುವವರಿಗೆ, ಸರ್ವೇಯರಿಗೆ, ವಿಲ್ಲೇಜ್ ಆಫೀಸಿನ ಓಡಾಟಕ್ಕೆ ಸರಿಹೋಯಿತು.

ಎರಡು ವರ್ಷ ತುಂಬಲಿ ಎಂದು ಕಾದೆ. 24 ತಿಂಗಳು ದಾಟಿದರೆ ಲಾಭ ದೀರ್ಘಾವಧಿಯದಾಗುತ್ತದೆ, ತೆರಿಗೆಯಲ್ಲಿ ಅನುಕೂಲ. ಅನಂತರ 5 ಸೆಂಟ್ಸನ್ನು 70 ಸಾವಿರದಂತೆ ಮಾರಿ, ಉಳಿದ ನಾಲ್ಕರಲ್ಲಿ ಒಂದು ಕೋಣೆಯ ಕ್ವಾರ್ಟರ್ಸ್ ಕಟ್ಟಿಸಿದೆ. ಬಾಡಿಗೆ 3 ಸಾವಿರ.

ಆ ದಲ್ಲಾಳಿ ಈಗ ಕನ್ನಡದ ಹಳೆಯ ಆಧಾರ ಸಿಕ್ಕಿದರೆ ನೇರ ನನ್ನ ಅಂಗಡಿಗೆ ಬರುತ್ತಾರೆ. ಓದಿಸಿಕೊಂಡದ್ದಕ್ಕೆ ಏನೂ ಇಲ್ಲ. ಜೆರಾಕ್ಸ್‌ನ ದುಡ್ಡು ಮಾತ್ರ ಎಣಿಸಿ ಇಡುತ್ತಾರೆ.