ತುತ್ತಿಗೊಂದು ವಿಡಿಯೊ: ಈ ರೂಢಿ ಬಿಡಿಸುವುದು ಹೇಗೆ?

ಸ್ಟೀಲ್ ಚೊಂಬಿಗೆ ಒರಗಿಸಿಟ್ಟ ಮೊಬೈಲ್. ಅದರ ಮುಂದೆ ಎರಡು ವರ್ಷದ ಮಗು. ಅಮ್ಮ ಅನ್ನ-ತಿಳಿಸಾರಿನ ತುತ್ತನ್ನು ತುಟಿಗೆ ತಾಗಿಸಿದರೆ ಬಾಯಿ ತೆರೆಯುತ್ತದೆ, ಕಣ್ಣು ಮಾತ್ರ ಅತ್ತಿತ್ತ ಹೋಗುವುದಿಲ್ಲ. ಮಧ್ಯೆ ಜಾಹೀರಾತು ಬಂತೋ, ಬಾಯಿ ಬಂದ್. ಅಮ್ಮ ಎಡಗೈಯಲ್ಲಿ ಸ್ಕಿಪ್ ಒತ್ತಿದ ಮೇಲೇ ಮುಂದಿನ ತುತ್ತು. ಇಂಥ ಊಟ ನಡೆಯದ ಮನೆ ಈಗ ಕಡಿಮೆಯೇ.

ಮಗುವಿನ ಇಡೀ ದಿನದ ಮೊಬೈಲನ್ನು ಒಂದೇ ಏಟಿಗೆ ನಿಲ್ಲಿಸಲು ಹೋಗಿ ಎರಡೇ ದಿನಕ್ಕೆ ಸೋಲುವವರು ಜಾಸ್ತಿ. ಅದರ ಬದಲು ಊಟದ ಹೊತ್ತನ್ನು ಮಾತ್ರ ಮೊದಲು ಹಿಡಿಯಿರಿ. ದಿನಕ್ಕೆ ಮೂರು ನಾಲ್ಕು ಸಲ ಬರುವ ಹೊತ್ತು ಅದು. ಮನೆಯವರು ಹೇಗೂ ಮಗುವಿನ ಎದುರಿಗೇ ಕೂತಿರುತ್ತಾರೆ. ಇದೊಂದು ಸರಿಹೋದರೆ ಉಳಿದದ್ದು ಅಷ್ಟು ಕಷ್ಟವಾಗುವುದಿಲ್ಲ.

ಮೊದಲು ವಯಸ್ಸಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆಂದೇ ಸಲಹೆ ಕೊಟ್ಟಿದೆ. ಎರಡು ವರ್ಷ ತುಂಬುವವರೆಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘಟನೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ದೂರದಲ್ಲಿರುವ ಅಜ್ಜಿ-ತಾತನ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕಾಲ್ ಮಾಡಿದರೆ ಅಡ್ಡಿಯಿಲ್ಲ.

ವಿಡಿಯೊ ಕಾಲ್‌ಗೆ ಮಾತ್ರ ಯಾಕೆ ಈ ರಿಯಾಯಿತಿ? ಅಲ್ಲಿ ಮಗು ನಕ್ಕರೆ ಅಜ್ಜಿಯೂ ನಗುತ್ತಾರೆ, ‘ಬಾ’ ಅಂದರೆ ‘ಬಂದೆ ಕಂದಾ’ ಅನ್ನುತ್ತಾರೆ. ಕಾರ್ಟೂನಿನ ಬೊಂಬೆ ಮಗು ನಕ್ಕರೂ ಅತ್ತರೂ ತನ್ನ ಪಾಡಿಗೆ ಕುಣಿಯುತ್ತಿರುತ್ತದೆ. ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ತಿಳಿಯಲು ಅಮೆರಿಕದ ಸಿಯಾಟಲ್‌ನ ಒಂದು ಪ್ರಯೋಗ ನೋಡಬೇಕು. ಸಂಶೋಧಕಿ ಪಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅದನ್ನು 2003ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳನ್ನು ಕೂರಿಸಿಕೊಂಡು, ಚೀನಾದ ಮ್ಯಾಂಡರಿನ್ ಭಾಷೆಯವರು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿಸಿದರು. ಹೀಗೆ 12 ಸಲ, ಒಂದೊಂದು ಸಲ 25 ನಿಮಿಷ. ಇನ್ನೊಂದು ಗುಂಪಿನ ಕೂಸುಗಳಿಗೆ ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ತೋರಿಸಿದರು. ಎದುರು ಕೂತು ಕೇಳಿದ ಕೂಸುಗಳು ಮ್ಯಾಂಡರಿನ್‌ನ ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಿದವು. ಟಿವಿ ನೋಡಿದವಕ್ಕೆ ಏನೂ ದಕ್ಕಿರಲಿಲ್ಲ.

ಹಾಗಾಗಿ ‘ನಮ್ಮ ಮಗು ನೋಡುವುದು ಕಲಿಯುವ ವಿಡಿಯೊ ತಾನೇ’ ಎಂಬ ಸಮಾಧಾನ ಎರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ನಡೆಯುವುದಿಲ್ಲ.

ಹಂತ 1: ಮೂರು ದಿನ ಸುಮ್ನೆ ಬರೆದಿಡಿ

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಗೀಚಿ. ಮಗುವಿನ ಕೈಗೆ ಮೊಬೈಲ್ ಯಾವಾಗ ಹೋಯಿತು, ಯಾರು ಕೊಟ್ಟರು, ಯಾಕೆ ಕೊಟ್ಟರು. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನ ಡಿಜಿಟಲ್ ವೆಲ್‌ಬೀಯಿಂಗ್ ಎಂಬಲ್ಲಿ ಯಾವ ಆ್ಯಪ್ ಎಷ್ಟು ಹೊತ್ತು ಓಡಿತು ಎಂಬ ಲೆಕ್ಕ ಸಿಗುತ್ತದೆ. ಯಾರೂ ನೋಡದಿದ್ದರೂ ಪಡಸಾಲೆಯಲ್ಲಿ ಓಡುತ್ತಲೇ ಇರುವ ಟಿವಿಯನ್ನೂ ಸೇರಿಸಿ. ಅದು ಓಡುತ್ತಿದ್ದರೆ ದೊಡ್ಡವರ ಮಾತು ಕಡಿಮೆಯಾಗುತ್ತದೆ, ಮಗುವಿನ ಆಟವೂ ನಡುನಡುವೆ ತುಂಡಾಗುತ್ತದೆ.

ಹಂತ 2: ಮನೆಮಂದಿ ಒಂದು ಮಾತಿಗೆ ಬನ್ನಿ

ಸಾಮಾನ್ಯವಾಗಿ ಕೆಡುವುದು ಇಲ್ಲೇ. ಅಮ್ಮ ಗಟ್ಟಿ ಮನಸ್ಸು ಮಾಡಿ ಫೋನ್ ಎತ್ತಿಡುತ್ತಾಳೆ. ಮಗು ಕಿರುಚಿದ ಕೂಡಲೇ ಒಳಗಿನಿಂದ ಅಜ್ಜಿಯ ದನಿ: ‘ಅಯ್ಯೋ, ಮಗೂನ ಅಳಿಸ್ಬೇಡ ಕಣೇ, ಕೊಡು ಅತ್ಲಾಗೆ.’ ಅಪ್ಪ ಆಫೀಸಿನಿಂದ ಬಂದವನೇ ತನ್ನ ಫೋನ್ ಕೊಟ್ಟು ಸ್ನಾನಕ್ಕೆ ಹೋಗುತ್ತಾನೆ.

ಅಜ್ಜಿಯನ್ನು ದೂರಿ ಪ್ರಯೋಜನವಿಲ್ಲ. ದಿನವಿಡೀ ಮಗುವಿನ ಹಿಂದೆ ಓಡುವವರು ಅವರು, ಮಂಡಿ ನೋವು ಬೇರೆ. ಅವರಿಗೆ ನಿಯಮ ಹೇಳುವ ಬದಲು ಕೆಲಸ ಹಂಚಿಕೊಳ್ಳಿ. ಬೆಳಗಿನ ತಿಂಡಿ ಅಪ್ಪನ ಪಾಲಿಗೆ, ರಾತ್ರಿಯೂಟ ಅಮ್ಮನ ಪಾಲಿಗೆ ಇರಲಿ. ಮಧ್ಯಾಹ್ನಕ್ಕೆ ಮಾತ್ರ ಅಜ್ಜಿ. ಒಪ್ಪಂದವೂ ಒಂದೇ ಇರಲಿ: ತಟ್ಟೆ ಮುಂದಿದ್ದಾಗ ಯಾರ ಕೈಯಲ್ಲೂ ಫೋನ್ ಇಲ್ಲ. ಮಗುವನ್ನು ನೋಡಿಕೊಳ್ಳಲು ಬರುವವರಿದ್ದರೆ ಅವರಿಗೂ ಇದನ್ನೇ ಹೇಳಿ.

ಯಾರ ಕೈಯಲ್ಲೂ ಅಂದರೆ ನಿಮ್ಮ ಕೈಯಲ್ಲೂ. ಅಮೆರಿಕದ ಬಾಸ್ಟನ್‌ನಲ್ಲಿ ಸಂಶೋಧಕರು ಹೋಟೆಲುಗಳಲ್ಲಿ ಮಕ್ಕಳ ಜೊತೆ ಊಟಕ್ಕೆ ಕೂತ 55 ಮಂದಿ ದೊಡ್ಡವರನ್ನು ಗಮನಿಸಿ 2014ರಲ್ಲಿ ವರದಿ ಮಾಡಿದರು. ಅವರಲ್ಲಿ 40 ಮಂದಿ ಊಟದ ಮಧ್ಯೆ ಫೋನ್ ಹಿಡಿದಿದ್ದರು. ನಮ್ಮ ಊರಿನ ದರ್ಶಿನಿಯಲ್ಲಿ ಎಣಿಸಿದರೂ ಲೆಕ್ಕ ಬಹಳ ಬೇರೆ ಬರಲಿಕ್ಕಿಲ್ಲ ಎಂದು ನನ್ನ ಅನುಮಾನ.

ಹಂತ 3: ಹಸಿವು ಬರಲು ಬಿಡಿ

ಮೊಬೈಲ್ ಇಲ್ಲದೆ ಮಗು ತಿನ್ನುವುದಿಲ್ಲ ಅನ್ನುತ್ತೇವೆ. ಎಷ್ಟೋ ಸಲ ಅದಕ್ಕೆ ಹಸಿವೇ ಇರುವುದಿಲ್ಲ. ಹನ್ನೊಂದಕ್ಕೆ ಒಂದು ಲೋಟ ಹಾಲು, ಹನ್ನೆರಡಕ್ಕೆ ಎರಡು ಬಿಸ್ಕೆಟ್, ಒಂದಕ್ಕೆ ಊಟ ಅಂದರೆ ಯಾರು ತಿಂದಾರು? ಊಟಕ್ಕೂ ಅದರ ಹಿಂದಿನ ತಿನಿಸಿಗೂ ನಡುವೆ ಎರಡರಿಂದ ಮೂರು ಗಂಟೆ ಬಿಡುವಿರಲಿ. ಬಾಯಾರಿದರೆ ನೀರು ಕೊಡಿ.

ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ. ‘ಮೊಬೈಲ್ ಇಟ್ಟರೆ ಒಂದು ಬಟ್ಟಲು ಪೂರ್ತಿ ಖಾಲಿ’ ಎಂದು ನಾವು ಖುಷಿಪಡುತ್ತೇವಲ್ಲ, ಮಗು ಕೇಳಿದ್ದು ಬಹುಶಃ ಅರ್ಧ ಬಟ್ಟಲು. ಏನು ಬಡಿಸುವುದು, ಯಾವಾಗ, ಎಲ್ಲಿ ಎಂಬುದು ನಿಮ್ಮ ತೀರ್ಮಾನ. ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ.

ಹಂತ 4: ಕೈಗೆ ಕೆಲಸ, ಬಾಯಿಗೆ ಮಾತು

ನೆಲದ ಮೇಲೆ ಹಳೇ ಪಂಚೆಯೋ ಪೇಪರೋ ಹಾಸಿ ಮನೆಯವರ ಜೊತೆಗೇ ಕೂರಿಸಿ. ಮಗುವಿಗೆಂದೇ ಒಂದು ಪುಟ್ಟ ತಟ್ಟೆ ಇರಲಿ. ಇಡ್ಲಿ ಚೂರು, ಮೆತ್ತಗೆ ಬೆಂದ ಕ್ಯಾರೆಟ್, ಒಂದು ಹಿಡಿ ಮೊಸರನ್ನ, ತುಪ್ಪ ಸವರಿದ ಮೆತ್ತನೆ ಚಪಾತಿ ತುಂಡು, ಏನೇ ಆದರೂ ಬಡಿಸುವಾಗ ಸ್ವಲ್ಪವೇ ಬಡಿಸಿ. ಮಗು ಅನ್ನವನ್ನು ಹಿಸುಕುತ್ತದೆ, ಮೂಗಿಗೆ ಮೆತ್ತಿಕೊಳ್ಳುತ್ತದೆ. ಹಿಸುಕಲಿ ಬಿಡಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಅಗುಳು ಎತ್ತುವುದನ್ನು ಕಲಿಯುವ ಕೈಗೆ ಮುಂದೆ ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ಸುಲಭ. ಪರದೆ ಮೇಲೆ ಬೆರಳು ಜಾರಿಸಿದರೆ ಈ ಅಭ್ಯಾಸ ಆಗುವುದಿಲ್ಲ. ಇಡೀ ಕಡಲೆಬೀಜ, ದ್ರಾಕ್ಷಿ ಹಣ್ಣು ಮಾತ್ರ ಬೇಡ, ಗಂಟಲಿಗೆ ಸಿಕ್ಕೀತು.

ಮಾತು ಹೇಗಿರಬೇಕು? ಪಾಠದ ಹಾಗಂತೂ ಬೇಡ. ‘ಇದು ಯಾವ ಕಲರ್? ಎಷ್ಟಿವೆ ಎಣಿಸು’ ಅಂದರೆ ಮಗುವಿಗೂ ಬೇಜಾರು. ಮಗು ನೋಡಿದ್ದನ್ನೇ ನೀವೂ ನೋಡಿ ಮಾತಾಡಿ. ಅದು ಕಿಟಕಿ ಕಡೆ ಕೈ ತೋರಿಸಿ ‘ಕಾ’ ಅಂದರೆ, ‘ಹೌದು, ಕಾಗೆ ಬಂತು. ಅದಕ್ಕೂ ಹಸಿವಾಗಿದೆಯೇನೋ, ಅಲ್ವಾ?’ ಅನ್ನಿ. ಆಮೇಲೆ ಸ್ವಲ್ಪ ಕಾಯಿರಿ. ಈ ಕಾಯುವುದೇ ನಮಗೆ ಬರುವುದಿಲ್ಲ. ಮಗು ಮಾತು ಹುಡುಕಲು ನಮಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮನಸ್ಸಿನಲ್ಲೇ ಐದು ಎಣಿಸುವಷ್ಟು ಸುಮ್ಮನಿದ್ದರೆ ಅದರಿಂದ ಏನಾದರೊಂದು ಸದ್ದು ಬರುತ್ತದೆ. ಅದಕ್ಕೆ ನೀವು ಮತ್ತೆ ಉತ್ತರ ಕೊಡಿ.

ಕೆಲವರು ಕೇಳುತ್ತಾರೆ: ಹಿಂದೆ ಚಂದಮಾಮನನ್ನು ತೋರಿಸಿ ಉಣಿಸುತ್ತಿರಲಿಲ್ಲವೇ, ಅದೂ ಗಮನ ಬೇರೆ ಕಡೆ ಸೆಳೆಯುವ ಉಪಾಯ ತಾನೇ? ಹೌದು, ಅದೂ ಉಪಾಯವೇ. ಆದರೆ ಚಂದಮಾಮನ ಬಗ್ಗೆ ಮಾತಾಡುತ್ತಿದ್ದುದು ಸೊಂಟದ ಮೇಲೆ ಎತ್ತಿಕೊಂಡಿದ್ದ ಅಮ್ಮ. ಮಗು ಅವಳ ಮುಖವನ್ನೂ ನೋಡುತ್ತಿತ್ತು.

ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಎಷ್ಟೇ ಉಳಿದಿದ್ದರೂ ತಟ್ಟೆ ಎತ್ತಿ. ಹಿಂದೆ ಓಡುವುದೂ ಬೇಡ, ಗದರುವುದೂ ಬೇಡ.

ಹಂತ 5: ಅಳುವಿನ ದಿನಗಳನ್ನು ದಾಟುವುದು

ಮೊದಲ ಕೆಲವು ದಿನ ರಂಪ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಹಿಂದೆ ಫಲಿಸಿದ ಉಪಾಯವನ್ನು ಮಗು ಇನ್ನೂ ಜೋರಾಗಿ ಮಾಡಿ ನೋಡುತ್ತದೆ, ಅಷ್ಟೆ. ಹತ್ತು ನಿಮಿಷ ಅಳಿಸಿ ಆಮೇಲೆ ಫೋನ್ ಕೊಟ್ಟರೆ, ಹತ್ತು ನಿಮಿಷ ಅತ್ತರೆ ಸಿಗುತ್ತದೆ ಎಂದು ಅದು ಕಲಿಯುತ್ತದೆ. ಅದರ ಬದಲು ಮೊದಲೇ ಕೊಡುವುದು ವಾಸಿ! ಹಾಗಾಗಿ ಶುರು ಮಾಡುವ ದಿನವನ್ನು ನೋಡಿ ಆರಿಸಿ. ಜ್ವರ, ಮದುವೆ ಮನೆ, ನಿಮ್ಮ ಆಫೀಸಿನ ತಲೆಬಿಸಿ ಇರುವ ವಾರ ಬೇಡ.

ಅಳುವಾಗ ಪಕ್ಕದಲ್ಲೇ ಇರಿ. ‘ಫೋನ್ ಬೇಕಾಗಿತ್ತು, ಕೋಪ ಬಂದಿದೆ, ಗೊತ್ತು ಪುಟ್ಟಾ’ ಅಂದರೆ ಸಾಕು, ಭಾಷಣ ಬೇಡ. ಫೋನ್ ಕಣ್ಣಿಗೇ ಬೀಳದಂತೆ ಬೇರೆ ಕೋಣೆಯಲ್ಲಿರಲಿ. ಫ್ರಿಡ್ಜ್ ಮೇಲಿಟ್ಟರೆ ಮಗುವಿನ ಕಣ್ಣು ಅಲ್ಲೇ ಇರುತ್ತದೆ. ಎರಡು ಊಟ ಸರಿಯಾಗಿ ಮಾಡಲಿಲ್ಲವೆಂದು ಆರೋಗ್ಯವಾಗಿರುವ ಮಗು ಸೊರಗುವುದಿಲ್ಲ. ತೂಕ ಕಡಿಮೆ ಇರುವ, ಕಾಯಿಲೆ ಇರುವ ಮಗುವಾದರೆ ಮಾತ್ರ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಊಟ ಸರಿಹೋದ ಮೇಲೆ

ಮುಂದಿನದು ರಾತ್ರಿ. ಮಲಗುವ ಒಂದು ಗಂಟೆ ಮೊದಲೇ ಎಲ್ಲ ಪರದೆ ಆಫ್. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ಎರಡು ದಾಟಿದ ಮಗುವಿಗೆ ಏನಾದರೂ ತೋರಿಸುವುದಾದರೆ, ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗೇ ಶುರುವಾಗುವ ಆಟೊಪ್ಲೇ ಆಫ್ ಮಾಡಿ, ಪಕ್ಕದಲ್ಲಿ ಕೂತು, ‘ಇದೊಂದು ಮುಗಿದರೆ ಬಂದ್’ ಎಂದು ಮೊದಲೇ ಹೇಳಿ ತೋರಿಸಿ. ಬಸ್ಸಿಗೆ, ಕ್ಲಿನಿಕ್ಕಿನ ಕ್ಯೂಗೆ ಮುಚ್ಚಳವಿರುವ ಒಂದು ಪುಟ್ಟ ಡಬ್ಬಿ, ಎರಡು ದೊಡ್ಡ ಚಮಚ, ಒಂದು ಚಿತ್ರದ ಪುಸ್ತಕ ಬ್ಯಾಗಿನಲ್ಲಿರಲಿ. ಆರು ಗಂಟೆಯ ರೈಲು ಪ್ರಯಾಣದಲ್ಲಿ ಅರ್ಧ ಗಂಟೆ ಕಾರ್ಟೂನ್ ತೋರಿಸಿದರೆ ಆಕಾಶವೇನೂ ಬೀಳುವುದಿಲ್ಲ.

ಮೊಬೈಲ್ ಮೇಲೆ ಹಾಕಿ ಸುಮ್ಮನಿರಬಾರದ್ದು

ಒಂದು ವರ್ಷವಾದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದ್ದಕ್ಕೆ ಬೆರಳು ತೋರಿಸದಿದ್ದರೆ, ಬಿಡಿ ಪದಗಳೂ ಬಾರದಿದ್ದರೆ, ಎರಡು ವರ್ಷವಾದರೂ ‘ಅಮ್ಮ ಬಾ’ ಎಂಬಂಥ ಎರಡು ಪದ ಜೋಡಿಸದಿದ್ದರೆ, ಕಲಿತ ಮಾತು ನಿಂತುಹೋಗಿದ್ದರೆ ತಡ ಮಾಡದೆ ತೋರಿಸಿ. ‘ಮೊಬೈಲ್ ನಿಲ್ಲಿಸಿ ಆರು ತಿಂಗಳು ನೋಡೋಣ’ ಎಂದು ಕಾಯಬೇಡಿ. ಕಿವಿ ಕೇಳದಿರುವುದೂ ಕಾರಣವಿರಬಹುದು, ಆಟಿಸಂ ಇರಬಹುದು. ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯಿತು ಎಂದು ತಾಯಿಯ ಮೇಲೆ ತಪ್ಪು ಹೊರಿಸುವುದಂತೂ ಖಂಡಿತ ಬೇಡ.

ಮೊದಲು ಮಕ್ಕಳ ವೈದ್ಯರ ಬಳಿ ಹೋಗಿ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾಸ್ಪತ್ರೆಯ ಡಿಇಐಸಿ ಕೇಂದ್ರದ ದಾರಿ ತೋರಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿ ಎರಡರ ಪರೀಕ್ಷೆಯೂ ಆಗುತ್ತದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ ಆ ಕ್ಯಾಲೆಂಡರಿನ ಹಾಳೆಯನ್ನೂ ಒಯ್ಯಿರಿ. ಮಗು ಎಷ್ಟು ಹೊತ್ತು ಪರದೆ ನೋಡುತ್ತದೆ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ.