ರೇಟ್ ಬಿಡುವ ಹೊತ್ತಿಗೆ ಆಪ್ ಮಲಗದಂತೆ ಕ್ಯೂಬರ್ನೆಟೀಸ್ ಹೊಂದಿಸುವುದು ಹೇಗೆ?

ರಾಯಚೂರು ಎಪಿಎಂಸಿಯ ಹತ್ತಿ, ಭತ್ತದ ರೇಟ್ ತೋರಿಸುವ ಒಂದು ಆಪ್ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಬೆಳಿಗ್ಗೆಯೆಲ್ಲ ಸರ್ವರ್ ಖಾಲಿ ಕೂತಿರುತ್ತದೆ. ಟೆಂಡರ್ ರೇಟ್ ಬಿಟ್ಟ ತಕ್ಷಣ ಸಿಂಧನೂರು, ಮಾನ್ವಿ, ದೇವದುರ್ಗ ಎಲ್ಲ ಕಡೆಯಿಂದ ಜನ ಒಂದೇ ಸಲ ನುಗ್ಗುತ್ತಾರೆ, ಹತ್ತಿ ಸೀಸನ್ನಿನಲ್ಲಂತೂ ಕೇಳಲೇಬೇಡಿ. ಕೈ ಕೊಡುವುದು ಆ ಹೊತ್ತಲ್ಲೇ.

ಮೊದಲು ಒಂದು ಮಾತು. ಕ್ಯೂಬರ್ನೆಟೀಸ್ ಅಂದರೆ ಆಪ್‌ನ ಹಲವು ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಓಡಿಸಿ ತಾನೇ ನೋಡಿಕೊಳ್ಳುವ ಸಾಫ್ಟ್‌ವೇರ್, ಅದು ಎಲ್ಲರಿಗೂ ಬೇಕಾಗಿಲ್ಲ. ಬಳ್ಳಾರಿಯ ಒಂದು ಜೀನ್ಸ್ ಅಂಗಡಿಯ ಕ್ಯಾಟಲಾಗ್ ಸೈಟಿಗೆ ಒಂದು ವರ್ಚುವಲ್ ಮಷೀನ್, ಅದರಲ್ಲಿ ಕಂಟೇನರ್‌ಗಳನ್ನು (ಆಪ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಕಟ್ಟಿಟ್ಟ ಡಬ್ಬಗಳು) ಓಡಿಸಲು ಡಾಕರ್ ಕಂಪೋಸ್, ದಿನಾ ರಾತ್ರಿ ಬ್ಯಾಕಪ್, ಇಷ್ಟಿದ್ದರೆ ಧಾರಾಳ ಆಯ್ತು. ಲೋಡ್ ಏರಿಳಿತ ಜಾಸ್ತಿ ಇದ್ದು, ನಿಂತರೆ ಜನ ಬೈಯುತ್ತಾರೆ ಅನ್ನುವಂಥ ಆಪ್ ಇದ್ದರೆ ಮಾತ್ರ ಮುಂದೆ ಓದಿ.

ಗೂಗಲ್ ತನ್ನೊಳಗೆ ಬಳಸುತ್ತಿದ್ದ ಬೋರ್ಗ್ ಅನ್ನುವ ಇಂಥದ್ದೇ ಸಿಸ್ಟಮ್‌ನ ಅನುಭವದ ಮೇಲೆ ಕ್ಯೂಬರ್ನೆಟೀಸನ್ನು ಕಟ್ಟಿ 2014ರಲ್ಲಿ ಓಪನ್ ಸೋರ್ಸ್ ಮಾಡಿತು, 2015ರ ಜುಲೈನಲ್ಲಿ 1.0 ಬಂತು. ಕೆಲಸ ಮಾಡುವ ರೀತಿ ಹಮಾಲರ ಮೇಸ್ತ್ರಿಯದು. ಯಾವಾಗಲೂ ಮೂರು ಜನ ಇರಬೇಕು ಅಂತ ಒಮ್ಮೆ ಹೇಳಿಟ್ಟರೆ ಆಯ್ತು, ಒಬ್ಬ ಬರದಿದ್ದರೆ ಇನ್ನೊಬ್ಬನನ್ನು ಅವನೇ ತರುತ್ತಾನೆ. ನೀವು ಡಿಪ್ಲಾಯ್‌ಮೆಂಟ್ ಫೈಲಿನಲ್ಲಿ ರೆಪ್ಲಿಕಾ 3, ಅಂದರೆ ಆಪ್‌ನ ಮೂರು ಪ್ರತಿ, ಅಂತ ಬರೆಯುವುದು ಇದನ್ನೇ. ಒಂದೊಂದು ಪ್ರತಿಗೆ ಪಾಡ್ ಅಂತಾರೆ. ಆದರೆ ಆ ಮೂರೂ ಒಂದೇ ನೋಡ್ (ಸರ್ವರ್ ಮಷೀನ್) ಮೇಲೆ ಕೂತರೆ ಏನು ಪ್ರಯೋಜನ? ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ಗೆ 2016ರಿಂದ ಮುಂಬೈನಲ್ಲಿ, 2022ರ ನವೆಂಬರ್‌ನಿಂದ ನಮಗೆ ಹತ್ತಿರದ ಹೈದರಾಬಾದಿನಲ್ಲಿ ರೀಜನ್ ಇದೆ, ಎರಡರಲ್ಲೂ ಮೂರು ಮೂರು ಝೋನ್ (ಒಂದಕ್ಕೊಂದು ಅಂಟಿಕೊಳ್ಳದ ಬೇರೆ ಬೇರೆ ಡೇಟಾ ಸೆಂಟರ್ ಗುಂಪು). ಟೋಪಾಲಜಿ ಸ್ಪ್ರೆಡ್ ಕನ್‌ಸ್ಟ್ರೇಂಟ್ ಹಾಕಿ ಪಾಡ್‌ಗಳನ್ನು ಝೋನ್‌ಗೊಂದರಂತೆ ಹಂಚಿ.

ಇನ್ನು ಪ್ರೋಬ್‌ಗಳು, ಅಂದರೆ ಆಪ್ ಸರಿಯಾಗಿದೆಯಾ ಅಂತ ಕ್ಯೂಬರ್ನೆಟೀಸ್ ಆಗಾಗ ಮಾಡುವ ಪರೀಕ್ಷೆಗಳು. ಜನ ಇವನ್ನು ಸುಮ್ನೆ ಕಾಪಿ ಹೊಡೆದು ಹಾಕಿಬಿಡುತ್ತಾರೆ. ರೆಡಿನೆಸ್ ಪ್ರೋಬ್ ಫೇಲ್ ಆದರೆ ಆ ಪಾಡ್‌ಗೆ ಟ್ರಾಫಿಕ್ ಹೋಗುವುದು ನಿಲ್ಲುತ್ತದೆ, ಅಷ್ಟೇ. ಲೈವ್‌ನೆಸ್ ಫೇಲ್ ಆದರೆ ಕಂಟೇನರನ್ನೇ ಕೊಂದು ಮತ್ತೆ ಶುರು ಮಾಡುತ್ತದೆ. ಹಾಗಾಗಿ ಲೈವ್‌ನೆಸ್ ಒಳಗೆ ಡೇಟಾಬೇಸ್ ಚೆಕ್ ಮಾಡಲೇಬೇಡಿ. ಡೇಟಾಬೇಸ್ ಸ್ವಲ್ಪ ನಿಧಾನ ಆಯ್ತು ಅಂದರೆ ಎಲ್ಲ ಪಾಡ್‌ಗಳೂ ಒಟ್ಟಿಗೆ ರೀಸ್ಟಾರ್ಟ್ ಆಗಿ, ಎಲ್ಲವೂ ಒಟ್ಟಿಗೇ ಹೊಸ ಕನೆಕ್ಷನ್ ಕೇಳಿ, ಮೊದಲೇ ಏದುಸಿರು ಬಿಡುತ್ತಿದ್ದ ಡೇಟಾಬೇಸ್ ಪೂರ್ತಿ ಮಲಗುತ್ತದೆ. ಏಳಲು ಜಾಸ್ತಿ ಹೊತ್ತು ತೆಗೆದುಕೊಳ್ಳುವ ಜಾವಾ ಆಪ್ ಇದ್ದರೆ ಸ್ಟಾರ್ಟಪ್ ಪ್ರೋಬ್ ಬೇರೆ ಕೊಡಿ.

ರಿಸೋರ್ಸ್ ರಿಕ್ವೆಸ್ಟ್ (ಒಂದು ಪಾಡ್‌ಗೆ ಎಷ್ಟು ಸಿಪಿಯು, ಮೆಮೊರಿ ಬೇಕು ಅನ್ನುವ ಕೋರಿಕೆ) ಬರೆಯದೆ ಆಟೋಸ್ಕೇಲಿಂಗ್ ಮಾಡಲು ಹೋಗಬೇಡಿ. ಲೋಡಿಗೆ ತಕ್ಕಂತೆ ಪಾಡ್ ಸಂಖ್ಯೆ ಏರಿಸಿ ಇಳಿಸುವ ಎಚ್‌ಪಿಎ ನೋಡುವ ಸಿಪಿಯು ಶೇಕಡಾವಾರು ನೀವು ಕೇಳಿದ ರಿಕ್ವೆಸ್ಟ್ ಮೇಲಿನ ಲೆಕ್ಕ, ರಿಕ್ವೆಸ್ಟೇ ಇಲ್ಲದಿದ್ದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಸಿಪಿಯು ಬಳಕೆಯ ಲೆಕ್ಕ ಕೊಡುವ ಮೆಟ್ರಿಕ್ಸ್ ಸರ್ವರ್ ಕೂಡ ಇರಬೇಕು. ಲೆಕ್ಕ ಸುಲಭ: ಟಾರ್ಗೆಟ್ 60% ಇಟ್ಟಿದ್ದೀರಿ, ಮೂರು ಪಾಡ್‌ಗಳ ಸರಾಸರಿ 90% ಆಗಿದೆ, ಆಗ 3ನ್ನು 90ರಿಂದ ಗುಣಿಸಿ 60ರಿಂದ ಭಾಗಿಸಿದರೆ ನಾಲ್ಕೂವರೆ, ಮೇಲಕ್ಕೆ ಹತ್ತಿಸಿ 5 ಪಾಡ್. ಮೆಮೊರಿ ಲಿಮಿಟ್ ದಾಟಿದರೆ ಕಂಟೇನರ್ 137 ಅನ್ನುವ ಎಕ್ಸಿಟ್ ಕೋಡ್ ಬಿಟ್ಟು ಸಾಯುತ್ತದೆ. ಸಿಪಿಯು ಲಿಮಿಟ್ ಮುಟ್ಟಿದರೆ ಸಾಯುವುದಿಲ್ಲ, ತೆವಳುತ್ತದೆ.

ಆದರೆ ರೇಟ್ ಬಿಡುವಂಥ ನೂಕುನುಗ್ಗಲಿಗೆ ಎಚ್‌ಪಿಎ ಒಂದನ್ನೇ ನಂಬಬೇಡಿ. ಅದು ಡೀಫಾಲ್ಟ್ ಆಗಿ 15 ಸೆಕೆಂಡಿಗೊಮ್ಮೆ ನೋಡುತ್ತದೆ. ಆಮೇಲೆ ಪಾಡ್ ಏಳಬೇಕು, ಜಾಗ ಇಲ್ಲದಿದ್ದರೆ ಹೊಸ ನೋಡ್ ಬರಬೇಕು, ಅದಕ್ಕೆ ನಿಮಿಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಜನ ಬೈದು ಮುಚ್ಚಿ ಹೋಗಿರುತ್ತಾರೆ. ನಮ್ಮ ಅದೃಷ್ಟಕ್ಕೆ ಇಲ್ಲಿ ನುಗ್ಗುವ ಹೊತ್ತು ಮೊದಲೇ ಗೊತ್ತು, ಅಲ್ವಾ? ರೇಟ್ ಮಧ್ಯಾಹ್ನ 3 ಗಂಟೆಗೆ ಬರುತ್ತದೆ ಅಂತಿಟ್ಟುಕೊಂಡರೆ 2:45ಕ್ಕೇ ಪಾಡ್ ಏರಿಸಿಡಿ. ಕೇಡಾ ಅನ್ನುವ ಟೂಲ್‌ನ ಕ್ರಾನ್ ಸ್ಕೇಲರ್ ಈ ಕೆಲಸಕ್ಕೇ ಇದೆ. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತಲೇ ಬರೆಯಿರಿ, ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿನ ಹೊತ್ತು) ಅಂತ ಬಿಟ್ಟರೆ ಪಾಡ್‌ಗಳು ಏಳುವುದು ರಾತ್ರಿ 8:15ಕ್ಕೆ. ಕೇಡಾ ತನ್ನದೇ ಎಚ್‌ಪಿಎ ಮಾಡಿಕೊಳ್ಳುತ್ತದೆ, ಆದ್ದರಿಂದ ನಿಮ್ಮ ಹಳೆಯದನ್ನು ತೆಗೆದು ಸಿಪಿಯು ಟ್ರಿಗರನ್ನೂ ಅದರೊಳಗೇ ಸೇರಿಸಿ. ಎರಡೂ ಒಂದೇ ಡಿಪ್ಲಾಯ್‌ಮೆಂಟಿಗೆ ಕೈ ಹಾಕಿದರೆ ಜಗಳ ಗ್ಯಾರಂಟಿ.

ಪಾಡ್ ಏರಿಸಿದಷ್ಟೂ ಹೊರೆ ಹೋಗಿ ಬೀಳುವುದು ಡೇಟಾಬೇಸ್ ಮೇಲೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೀಫಾಲ್ಟ್ ಕನೆಕ್ಷನ್ ಮಿತಿ 100. ಪಾಡ್‌ಗೆ 10 ಕನೆಕ್ಷನ್ನಿನ ಪೂಲ್ ಇಟ್ಟು 12 ಪಾಡ್ ಎಬ್ಬಿಸಿದರೆ 120 ಆಯ್ತು, ಕೊನೆಗೆ ಬಂದವರಿಗೆ ಬರೀ ಎರರ್. ಮಧ್ಯೆ ಪಿಜಿಬೌನ್ಸರ್ ಇಡಿ, ಅದು ಕೆಲವೇ ಕನೆಕ್ಷನ್ನುಗಳನ್ನು ಎಲ್ಲ ಪಾಡ್‌ಗಳಿಗೂ ಹಂಚುತ್ತದೆ. ಅದಕ್ಕಿಂತ ದೊಡ್ಡ ಉಪಾಯ ಕ್ಯಾಶ್, ಅಂದರೆ ಸಿದ್ಧ ಉತ್ತರವನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುವುದು. ಹತ್ತಿ ರೇಟ್ ಎಲ್ಲರಿಗೂ ಒಂದೇ, ದೇವದುರ್ಗದವರಿಗೆ ಬೇರೆ ಮಾನ್ವಿಯವರಿಗೆ ಬೇರೆ ಇರುವುದಿಲ್ಲ. ಆ ಪುಟವನ್ನು 30 ಸೆಕೆಂಡ್ ಕ್ಯಾಶ್ ಮಾಡಿದರೂ ಸಾಕು, ಡೇಟಾಬೇಸ್ ಹತ್ತಿರ ಹೋಗುವವರೇ ಇರುವುದಿಲ್ಲ. ನನ್ನ ಪ್ರಕಾರ ಮೇಲಿನ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು.

ಹೊಸ ವರ್ಷನ್ ಬಿಡುವಾಗ ಲೇಟೆಸ್ಟ್ ಅನ್ನುವ ಟ್ಯಾಗ್ ಬೇಡ, ಪ್ರತಿ ಬಿಲ್ಡ್‌ಗೂ ಬೇರೆ ನಂಬರ್ ಕೊಡಿ. ಪಾಡ್ ಮುಚ್ಚುವಾಗ ಕ್ಯೂಬರ್ನೆಟೀಸ್ ಸಿಗ್‌ಟರ್ಮ್ (ಕೆಲಸ ಮುಗಿಸಿ ನಿಲ್ಲು ಅನ್ನುವ ಸಂಕೇತ) ಕಳಿಸುತ್ತದೆ. ಇದೂ, ಟ್ರಾಫಿಕ್ ಪಟ್ಟಿಯಿಂದ ಪಾಡ್ ಹೆಸರು ತೆಗೆಯುವುದೂ ಅಕ್ಕಪಕ್ಕದಲ್ಲೇ ನಡೆಯುತ್ತವೆ, ಹಾಗಾಗಿ ನಿಲ್ಲಿಸುವ ಮೊದಲು ಓಡುವ ಪ್ರೀಸ್ಟಾಪ್‌ನಲ್ಲಿ ಐದು ಹತ್ತು ಸೆಕೆಂಡ್ ಸ್ಲೀಪ್ ಹಾಕಿ. ಇಲ್ಲದಿದ್ದರೆ ಪ್ರತಿ ಡಿಪ್ಲಾಯ್‌ಗೂ ನಾಲ್ಕಾರು ಜನರಿಗೆ ಎರರ್ ಕಾಣುತ್ತದೆ. ಎಲ್ಲ ಸೇರಿ ಡೀಫಾಲ್ಟ್ ಆಗಿ 30 ಸೆಕೆಂಡ್ ಗಡುವು, ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ಕೆಟ್ಟ ವರ್ಷನ್ ಹೋದರೆ ಕ್ಯೂಬ್‌ಸಿಟಿಎಲ್ ರೋಲ್‌ಔಟ್ ಅನ್‌ಡೂ ಅನ್ನುವ ಕಮಾಂಡ್ ಹೊಡೆಯಿರಿ. ಅದು ಡಿಪ್ಲಾಯ್‌ಮೆಂಟನ್ನು ಮಾತ್ರ ಹಿಂದಕ್ಕೆ ತರುತ್ತದೆ, ಡೇಟಾಬೇಸ್ ಟೇಬಲ್ ಬದಲಾಯಿಸಿದ್ದರೆ ಅದು ಹಾಗೇ ಉಳಿಯುತ್ತದೆ.

ಎಲ್ಲ ಆದ ಮೇಲೆ ಟೆಸ್ಟ್ ಸರ್ವರಿನಲ್ಲಿ ಕೆ6 ಅನ್ನುವ ಲೋಡ್ ಟೆಸ್ಟ್ ಟೂಲ್‌ನಿಂದ ಲೋಡ್ ಹಾಕಿ, ಓಡುತ್ತಿರುವಾಗಲೇ ಒಂದು ಪಾಡ್ ಡಿಲೀಟ್ ಮಾಡಿ, ಒಂದು ನೋಡ್ ಡ್ರೈನ್ ಮಾಡಿ, ಅಂದರೆ ಅದರ ಮೇಲಿನ ಪಾಡ್‌ಗಳನ್ನು ತೆರವು ಮಾಡಿ ನೋಡಿ. ಡ್ರೈನ್ ಮಾಡುವಾಗ ಎಲ್ಲ ಪಾಡ್‌ಗಳೂ ಒಮ್ಮೆಗೇ ಹೋಗದಂತೆ ಪಾಡ್ ಡಿಸ್‌ರಪ್ಶನ್ ಬಜೆಟ್ ಇರಲಿ.

ಬಿಲ್ ಬಗ್ಗೆಯೂ ಗಮನ ಇರಲಿ. ಎಡಬ್ಲ್ಯೂಎಸ್‌ನ ಕ್ಯೂಬರ್ನೆಟೀಸ್ ಸೇವೆ ಇಕೆಎಸ್‌ನಲ್ಲಿ ಕಂಟ್ರೋಲ್ ಪ್ಲೇನ್ (ಎಲ್ಲವನ್ನೂ ನಡೆಸುವ ಮೇಸ್ತ್ರಿ ಭಾಗ) ಒಂದಕ್ಕೇ ಗಂಟೆಗೆ 10 ಸೆಂಟ್, ಅಂದರೆ ಆಪ್ ಯಾರೂ ತೆರೆಯದಿದ್ದರೂ ತಿಂಗಳಿಗೆ 73 ಡಾಲರ್ ಹತ್ತಿರ. ನೋಡ್, ಲೋಡ್ ಬ್ಯಾಲೆನ್ಸರ್ ಬೇರೆ. ಹತ್ತಿ ಸೀಸನ್ ಮುಗಿದ ವಾರವೇ ಕನಿಷ್ಠ ನೋಡ್ ಸಂಖ್ಯೆ ಇಳಿಸಿ, ಕ್ರಾನ್ ಸ್ಕೇಲರಿನ ನಂಬರನ್ನೂ ಇಳಿಸಿ.