ಇಲಿಯ ದವಡೆ ಮತ್ತು ಹಲ್ಲುಗಳ ಧಾತು ನಕ್ಷೆ: ಮಾದರಿಯನ್ನು ಸಿದ್ಧಪಡಿಸುವ ಬಗೆ

ಗದಗ ಜಿಲ್ಲೆಯ ಮುಂಡರಗಿ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಆದ್ದರಿಂದ ಧಾರವಾಡದ ಪ್ರಾಣಿಶಾಸ್ತ್ರ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಪ್ರಯೋಗಾಲಯದ ಇಲಿಗಳ ಹಲ್ಲಿನಲ್ಲಿ ಯಾವ ಧಾತು ಎಲ್ಲಿದೆ ಎಂದು ಹುಡುಕಲು ಹೊರಡುವುದು ಸಹಜವೇ. ಅಂಥವರಿಗಾಗಿ ಈ ಬರಹ. ಹೀಗೆ ಧಾತುಗಳ ಜಾಗ ತೋರಿಸುವ ನಕ್ಷೆಯಲ್ಲಿ ಕಾಣುವ ಧಾತುಗಳಲ್ಲಿ ಕೆಲವು ಇಲಿಯವಲ್ಲ, ಮಾದರಿ ಸಿದ್ಧಪಡಿಸಿದವರ ಕೈಯಿಂದ ಸೇರಿದವು. ಅವುಗಳನ್ನು ದೂರವಿಡುವುದೇ ಇಲ್ಲಿನ ಮುಖ್ಯ ಕೆಲಸ.

ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಮೊದಲು ಕೈಯಲ್ಲಿರಬೇಕು. ಅನುಮತಿ ಪಡೆದ ಬೇರೊಂದು ಅಧ್ಯಯನ ಮುಗಿದ ಮೇಲೆ ಉಳಿಯುವ ದವಡೆಗಳು ಸಿಗುವಂತಿದ್ದರೆ ಅವನ್ನೇ ಬಳಸಿರಿ. ಹೊಸದಾಗಿ ಪ್ರಾಣಿಗಳನ್ನು ಬಲಿಕೊಡುವ ಅಗತ್ಯವಿಲ್ಲ.

ಕೆಳದವಡೆಯನ್ನು ಬಿಡಿಸಿ, ಅಂಟಿದ ಮಾಂಸವನ್ನು ಚಿಮಟದಿಂದ ತೆಗೆಯಿರಿ. ಬ್ಲೀಚ್ ಬಳಸಿದರೆ ಸೋಡಿಯಂ ಮತ್ತು ಕ್ಲೋರಿನ್ ಉಳಿದುಬಿಡುತ್ತವೆ. ಫಾಸ್ಫೇಟ್ ಬಫರ್ ಸೇರಿಸಿದ ಫಾರ್ಮಲಿನ್ ತನ್ನದೇ ರಂಜಕವನ್ನು ತರುತ್ತದೆ. ಬಫರ್ ಇಲ್ಲದ ಫಾರ್ಮಲಿನ್ ಆಮ್ಲೀಯವಾಗಿ ಖನಿಜವನ್ನೇ ಕರಗಿಸುತ್ತದೆ. ಶೇಕಡಾ 70ರ ಎಥನಾಲ್‌ನಲ್ಲಿ ಇಡುವುದು ಲೇಸು. ಕೊಳವೆಬಾವಿಯ ನೀರಂತೂ ಬೇಡ, ತೊಳೆಯಲು ಅಯಾನುರಹಿತ ನೀರನ್ನೇ ಬಳಸಿರಿ. ಎಲುಬನ್ನು ಮೆದುವಾಗಿಸಲು, ಕ್ಯಾಲ್ಸಿಯಂ ಸೆಳೆದುಕೊಳ್ಳುವ ಇಡಿಟಿಎ ದ್ರಾವಣದಲ್ಲಿ ನೆನೆಸುವ ರೂಢಿ ಅಂಗಾಂಶ ವಿಜ್ಞಾನದಲ್ಲಿದೆ. ಇಲ್ಲಿ ಹಾಗೆ ಮಾಡಿದರೆ ಅಳೆಯಬೇಕಾದ ಕ್ಯಾಲ್ಸಿಯಂ ಕೈಬಿಟ್ಟು ಹೋಗುತ್ತದೆ.

ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದಲ್ಲಿ ಅಚ್ಚು ಹಾಕಿ, ನಿಧಾನ ವೇಗದ ವಜ್ರದ ಗರಗಸದಿಂದ ಅಡ್ಡವಾಗಿ ಕೊಯ್ಯಿರಿ. ಎಲ್ಲಿ ಕೊಯ್ಯಬೇಕು ಎಂಬುದರ ಮೇಲೆ ಇಡೀ ಅಧ್ಯಯನ ನಿಂತಿದೆ. ಇಲಿಯ ಹದಿನಾರು ಹಲ್ಲುಗಳಲ್ಲಿ ನಾಲ್ಕು ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ, ದವಡೆಹಲ್ಲುಗಳು ಹಾಗಲ್ಲ. ಬಾಚಿಹಲ್ಲಿನ ಬುಡದಲ್ಲಿ ಎನಾಮೆಲ್ (ಹಲ್ಲಿನ ಗಟ್ಟಿ ಹೊರಕವಚ) ಈಗಷ್ಟೇ ರೂಪುಗೊಳ್ಳುತ್ತಿರುತ್ತದೆ. ಕಬ್ಬಿಣವು ಎನಾಮೆಲ್ ಪಕ್ವವಾಗುವ ಹಂತದಲ್ಲಿ ಸೇರುವುದರಿಂದ ತುದಿಯತ್ತ ಬಂದಾಗ ತೆಳುವಾದ ಹೊರಪದರವಾಗಿ ಕಾಣಿಸಿಕೊಂಡು, ಹಲ್ಲಿಗೆ ಆ ಕಿತ್ತಳೆ ಬಣ್ಣವನ್ನು ಕೊಡುತ್ತದೆ. ಬುಡದ ಕೊಯ್ತದಲ್ಲಿ ಕಬ್ಬಿಣ ಸಿಗದಿದ್ದರೆ ಯಂತ್ರವನ್ನು ದೂರಬೇಡಿರಿ. ಎಲ್ಲ ಮಾದರಿಗಳನ್ನೂ ಒಂದೇ ಗುರುತಿನ ಬಳಿ, ಉದಾಹರಣೆಗೆ ಮೊದಲ ದವಡೆಹಲ್ಲಿನ ಮುಂಭಾಗದ ನೇರದಲ್ಲಿ ಕೊಯ್ದರೆ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ. ಹೆಚ್ಚು ಫ್ಲೋರೈಡ್ ಕುಡಿದ ಇಲಿಗಳಲ್ಲಿ ಈ ಕಿತ್ತಳೆ ಬಣ್ಣ ಮಾಸಿ ಬಿಳಿ ಪಟ್ಟೆಗಳು ಮೂಡುತ್ತವೆ. ಕೊಯ್ಯುವ ಮೊದಲೇ ಅದರ ಚಿತ್ರ ತೆಗೆದಿಡಿರಿ.

ಕೊನೆಯ ಹೊಳಪನ್ನು ವಜ್ರದ ಪೇಸ್ಟ್‌ನಿಂದ ಕೊಡಿರಿ. ಅಲ್ಯುಮಿನಾ ಪುಡಿ ಅಲ್ಯುಮಿನಿಯಂ ಅನ್ನು, ಸಿಲಿಕಾನ್ ಕಾರ್ಬೈಡ್ ಕಾಗದ ಸಿಲಿಕಾನ್ ಅನ್ನು ಬಿಟ್ಟುಹೋಗಬಹುದು. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್-ಕಿರಣಗಳನ್ನು, ಅಂದರೆ ರೇಖೆಗಳನ್ನು ಹೊಮ್ಮಿಸುತ್ತದೆ; ನಕ್ಷೆ ಮೂಡುವುದು ಅವುಗಳಿಂದಲೇ. ಅಲ್ಲಿಗೆ ಒಯ್ಯುವಾಗ ಮೇಲ್ಮೈಗೆ ಇಂಗಾಲದ ಲೇಪವನ್ನೇ ಕೇಳಿ ಹಾಕಿಸಿರಿ, ಏಕೆಂದರೆ ರೂಢಿಯ ಚಿನ್ನದ ಲೇಪ ಹಾಕಿದರೆ ಚಿನ್ನದ ಎಕ್ಸ್-ಕಿರಣ ರೇಖೆ ರಂಜಕದ ರೇಖೆಗೆ ತೀರ ಹತ್ತಿರದಲ್ಲಿದೆ.

ಫಲಿತಾಂಶ ಓದುವಾಗ ಎರಡು ಕಡೆ ವಿಶೇಷ ಎಚ್ಚರ ಬೇಕು. ಫ್ಲೋರಿನ್ ರೇಖೆ 0.677 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದ್ದರೆ ಕಬ್ಬಿಣದ ಹಲವು ರೇಖೆಗಳಲ್ಲೊಂದಾದ ಎಲ್ ರೇಖೆ 0.705ರಲ್ಲಿದೆ, ಎಕ್ಸ್-ಕಿರಣಗಳ ಶಕ್ತಿಯನ್ನು ಅಳೆಯುವ ಇಡಿಎಸ್ ಶೋಧಕ ಇವೆರಡನ್ನು ಬೇರ್ಪಡಿಸಲಾರದು. ಹೀಗಾಗಿ ಕಿತ್ತಳೆ ಪದರದಲ್ಲಿ ಫ್ಲೋರಿನ್ ಕಂಡಿತೆಂದು ಬರೆಯುವ ಮುನ್ನ ಕಬ್ಬಿಣದ 6.40ರ ರೇಖೆಯನ್ನು ನೋಡಿರಿ. ಸೋಡಿಯಂ ಮತ್ತು ಸತುವಿನ ನಡುವೆಯೂ ಇದೇ ಗೊಂದಲವಿದೆ. ಎಪಾಕ್ಸಿಯಲ್ಲಿ ಕ್ಲೋರಿನ್ ಇರುವುದರಿಂದ, ಖಾಲಿ ಎಪಾಕ್ಸಿಯ ಮೇಲೂ ಒಂದು ಅಳತೆ ತೆಗೆದುಕೊಳ್ಳಿರಿ.

ಎನಾಮೆಲ್ ಕೆಳಗಿನ ಪದರವಾದ ಡೆಂಟಿನ್‌ನಲ್ಲಿ ಮೆಗ್ನೀಸಿಯಂ ಎನಾಮೆಲ್‌ಗಿಂತ ಹೆಚ್ಚಿರುತ್ತದೆ. ಹಲ್ಲಿನ ಮೂಲ ಖನಿಜವಾದ ಹೈಡ್ರಾಕ್ಸಿಅಪಟೈಟ್ ಶುದ್ಧವಾಗಿದ್ದಾಗ ಆ ಹೈಡ್ರಾಕ್ಸಿಅಪಟೈಟ್‌ನಲ್ಲಿ ಕ್ಯಾಲ್ಸಿಯಂ-ರಂಜಕ ಪರಮಾಣು ಅನುಪಾತ 1.67, ಪಕ್ವ ಎನಾಮೆಲ್‌ನಲ್ಲಿ ಇದಕ್ಕಿಂತ ಬಹಳ ದೂರದ ಅಂಕಿ ಬಂದರೆ ಹೊಳಪು, ಲೇಪ, ಹೋಲಿಕೆಗೆ ಬಳಸಿದ ಮಾನಕ ಮಾದರಿ ಇವುಗಳನ್ನು ಮರುಪರಿಶೀಲಿಸಿರಿ. ಶೇಕಡಾ 0.1ಕ್ಕಿಂತ ಕಡಿಮೆ ಪ್ರಮಾಣದ ಸತು, ಸ್ಟ್ರಾನ್ಷಿಯಂನಂಥ ಧಾತುಗಳು ಇಡಿಎಸ್‌ಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಅವುಗಳಿಗಾಗಿ ಸೂಕ್ಷ್ಮ ಎಕ್ಸ್-ಕಿರಣ ಪ್ರತಿದೀಪ್ತಿ ವಿಧಾನ ಬೇಕಾಗುತ್ತದೆ. ದವಡೆಯ ಇನ್ನೊಂದು ಅರ್ಧವನ್ನು ಅದಕ್ಕಾಗಿಯೇ ಎಥನಾಲ್‌ನಲ್ಲಿ ಉಳಿಸಿಕೊಂಡಿರಿ.